ವಾಯುಭಾರ ಕುಸಿದರೆ ಚಂಡಮಾರುತ ಜೋರಾಗುವುದು ಯಾಕೆ?

ಪ್ರಶ್ನೆ: ಒತ್ತಡ ಕಡಿಮೆ ಅಂದಮೇಲೆ ಚಂಡಮಾರುತದ ಬಲವೂ ಕಡಿಮೆ ಆಗಬೇಕಲ್ವಾ? ಸುದ್ದಿಯಲ್ಲಿ ನೋಡಿದರೆ ವಾಯುಭಾರ ಕುಸಿದಷ್ಟೂ ಅಪಾಯ ಜಾಸ್ತಿ ಅಂತಾರೆ!

ಉತ್ತರ: ಒತ್ತಡ ಕಡಿಮೆಯಾಗುವುದು ನಡುವಿನಲ್ಲಿ. ದೂರದ ಸುತ್ತಮುತ್ತ ಅದು ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ಈ ವ್ಯತ್ಯಾಸವೇ ಗಾಳಿಯನ್ನು ಒಳಕ್ಕೆ ನೂಕುವುದು.

ಸಮುದ್ರಮಟ್ಟದಲ್ಲಿ ಸಾಮಾನ್ಯ ಒತ್ತಡ ಸುಮಾರು 1013 ಮಿಲಿಬಾರ್ (ವಾಯುಭಾರ ಅಳೆಯುವ ಮಾನ). ಅಂದರೆ ನಮ್ಮ ತಲೆ ಮೇಲಿನ ಗಾಳಿಯ ಕಂಬದ ತೂಕ. ಬಿಸಿ ಸಮುದ್ರದ ಮೇಲಿನ ತೇವದ ಗಾಳಿ ಮೇಲೇರುತ್ತದೆ. ಅದರೊಳಗಿನ ಆವಿ ಮೋಡವಾಗುವಾಗ ಶಾಖ ಬಿಡುತ್ತದೆ, ಗಾಳಿ ಇನ್ನಷ್ಟು ಹಗುರಾಗುತ್ತದೆ. ಎತ್ತರಕ್ಕೆ ಹೋದದ್ದು ಅಲ್ಲೇ ನಿಲ್ಲದೆ ಹೊರಕ್ಕೆ ಹರಡುತ್ತದೆ. ಕೆಳಗೆ ಒಳಬರುವುದಕ್ಕಿಂತ ಮೇಲೆ ಹೊರಹೋಗುವುದು ಜಾಸ್ತಿಯಾದರೆ ಕಂಬದ ತೂಕ ಇಳಿಯಿತು ಅಂತಲೇ ಲೆಕ್ಕ. ಆಗ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ನೇರವಾಗಿ ಬರಲಾಗದೆ ಸುತ್ತತೊಡಗುತ್ತದೆ. ಬರುವಾಗ ಸಮುದ್ರದಿಂದ ಮತ್ತಷ್ಟು ಆವಿ ಹೊತ್ತು ತರುತ್ತದೆ. ಉರಿಯುವ ಒಲೆಗೆ ತಾನೇ ಸೌದೆ ಒಟ್ಟಿಕೊಂಡ ಹಾಗೆ.

1979ರಲ್ಲಿ ಪೆಸಿಫಿಕ್‌ನ ಟಿಪ್ ಟೈಫೂನಿನ (ಅಲ್ಲಿ ಚಂಡಮಾರುತಕ್ಕೆ ಇದೇ ಹೆಸರು) ನಡುವೆ ಒತ್ತಡ 870 ಮಿಲಿಬಾರಿಗೆ ಇಳಿದಿತ್ತು. ಚಂಡಮಾರುತಗಳಲ್ಲಿ ಇದೇ ದಾಖಲೆ. ಇದನ್ನು ಅಳೆಯುವುದೂ ಒಂದು ಸಾಹಸವೇ. ವಿಮಾನ ಚಂಡಮಾರುತದ ಕಣ್ಣಿನೊಳಗೆ, ಅಂದರೆ ನಟ್ಟನಡುವಿನ ಶಾಂತ ಜಾಗಕ್ಕೆ, ಹೋಗಿ ಪುಟ್ಟ ಪ್ಯಾರಾಚೂಟ್ ಕಟ್ಟಿದ ಕೊಳವೆಯೊಂದನ್ನು ಬಿಡುತ್ತದೆ. ಅದು ಸಮುದ್ರಕ್ಕೆ ಬೀಳುವ ತನಕ ದಾರಿಯುದ್ದಕ್ಕೂ ಒತ್ತಡದ ಲೆಕ್ಕ ಕಳಿಸುತ್ತಲೇ ಇರುತ್ತದೆ.

ಹಾಗಂತ ಸುಮ್ನೆ ಮಿಲಿಬಾರ್ ನೋಡಿ ಗಾಳಿ ಇಷ್ಟೇ ಅಂತ ಹೇಳಿಬಿಡೋಕಾಗಲ್ಲ. ಅಮೆರಿಕದ ಎರಡು ಹರಿಕೇನ್ (ಅಲ್ಲಿ ಚಂಡಮಾರುತವನ್ನು ಹೀಗೆನ್ನುತ್ತಾರೆ) ನೋಡಿ. 2004ರ ಚಾರ್ಲಿ ಫ್ಲೋರಿಡಾಕ್ಕೆ ಬಡಿದಾಗ 941 ಮಿಲಿಬಾರ್ ಇತ್ತು, 2012ರ ಸ್ಯಾಂಡಿ ನ್ಯೂಜೆರ್ಸಿ ಮುಟ್ಟಿದಾಗ 945. ಹೆಚ್ಚುಕಡಿಮೆ ಒಂದೇ. ಆದರೆ ಚಾರ್ಲಿಯ ಗಾಳಿ ಗಂಟೆಗೆ ಸುಮಾರು 240 ಕಿ.ಮೀ., ಸ್ಯಾಂಡಿಯದು 130. ಚಾರ್ಲಿ ಪುಟ್ಟದು, ಒತ್ತಡ ಸ್ವಲ್ಪ ದೂರದಲ್ಲೇ ಧಡಕ್ಕನೆ ಇಳಿದಿತ್ತು. ಸ್ಯಾಂಡಿ ಸಾವಿರ ಕಿ.ಮೀ.ಗೂ ಮಿಕ್ಕಿ ಹರಡಿಕೊಂಡಿತ್ತು, ಇಳಿಜಾರು ನಿಧಾನದ್ದು. ಗಾಳಿಯ ವೇಗ ನಿಂತಿರುವುದು ಒತ್ತಡದ ಹಳ್ಳ ಎಷ್ಟು ಆಳ ಅನ್ನುವುದರ ಮೇಲಷ್ಟೇ ಅಲ್ಲ, ಅದರ ದಂಡೆ ಎಷ್ಟು ಕಡಿದು ಅನ್ನುವುದರ ಮೇಲೂ.

ಹರಿಕೇನ್‌ಗಳಿಗೆ 1ರಿಂದ 5ರ ತನಕ ಅಂಕಿ ಕೊಡುವ ಸಫಿರ್–ಸಿಂಪ್ಸನ್ ಮಾಪಕದಲ್ಲಿ ಮೊದಲು ಒತ್ತಡದ ಲೆಕ್ಕವೂ ಇತ್ತು. 2010ರಲ್ಲಿ ಅದನ್ನು ತೆಗೆದರು, ಈಗ ಗಾಳಿವೇಗ ಮಾತ್ರ. ನನಗೇನೋ ಒತ್ತಡವನ್ನೂ ಪಕ್ಕದಲ್ಲಿ ಇಟ್ಟುಕೊಂಡೇ ನೋಡಬೇಕು ಅನ್ನಿಸುತ್ತದೆ. ಗಾಳಿಯ ಲೆಕ್ಕದಲ್ಲಿ ಕೆಳಗಿನ ದರ್ಜೆಯದಾಗಿದ್ದ ಅದೇ ಸ್ಯಾಂಡಿ ಸಮುದ್ರವನ್ನೇ ತಳ್ಳಿಕೊಂಡು ಬಂದು ನ್ಯೂಯಾರ್ಕಿನ ಸುರಂಗ ರೈಲು ಮಾರ್ಗಕ್ಕೆ ಉಪ್ಪುನೀರು ತುಂಬಿಸಿತ್ತು.