ಸಮುದ್ರದಲ್ಲಿ ಚಿನ್ನ ಇದ್ದರೂ ಯಾಕೆ ತೆಗೆಯಲ್ಲ?

ಪ್ರಶ್ನೆ: ಸಮುದ್ರದ ನೀರಿನಲ್ಲಿ ಸಾವಿರಾರು ಟನ್ ಚಿನ್ನ ಇದೆಯಂತೆ. ನಿಜವಾ? ಹಾಗಿದ್ದರೆ ಯಾರೂ ಯಾಕೆ ತೆಗೆಯುತ್ತಿಲ್ಲ?

ಉತ್ತರ: ನಿಜ, ಇದೆ. ಆದರೆ ಕೇಳಬೇಕಾದದ್ದು ಒಟ್ಟು ಎಷ್ಟಿದೆ ಅಂತಲ್ಲ, ಒಂದು ಟನ್ ನೀರಿಗೆ ಎಷ್ಟು ಅಂತ. ಅಟ್ಲಾಂಟಿಕ್ ಸಾಗರದಲ್ಲಿ ಒಂದು ಗ್ರಾಂ ಚಿನ್ನ ಸುಮಾರು 10 ಕೋಟಿ ಟನ್ ನೀರಿನಲ್ಲಿ ಹರಡಿಕೊಂಡಿದೆ. ನಮ್ಮ ಕೆಆರ್‌ಎಸ್ ಜಲಾಶಯದ ತುಂಬಾ ಆ ನೀರನ್ನೇ ತುಂಬಿದರೂ ಅದರಲ್ಲಿರುವ ಚಿನ್ನ ಸುಮಾರು 14 ಗ್ರಾಂ. ಎರಡು ಪವನ್ ಕೂಡ ಆಗಲ್ಲ! ಅಷ್ಟು ನೀರೆತ್ತುವ ಕರೆಂಟಿನ ಖರ್ಚೂ ಗಿಟ್ಟುವುದಿಲ್ಲ.

ದೊಡ್ಡವರೊಬ್ಬರು ಇದಕ್ಕೆ ಕೈ ಹಾಕಿದ್ದರು. ಅಮೋನಿಯಾ ತಯಾರಿಕೆಗೆ ನೊಬೆಲ್ ಪಡೆದ ಜರ್ಮನ್ ವಿಜ್ಞಾನಿ ಫ್ರಿಟ್ಜ್ ಹೇಬರ್. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ 13,200 ಕೋಟಿ ಚಿನ್ನದ ಮಾರ್ಕ್‌ಗಳ ಪರಿಹಾರದ ಹೊರೆ ಬಿದ್ದಿತ್ತು. ಅದನ್ನು ಸಮುದ್ರದ ಚಿನ್ನದಿಂದ ತೀರಿಸುವ ಆಸೆ ಅವರದು. ಟನ್ನಿಗೆ ಕೆಲವು ಮಿಲಿಗ್ರಾಂ ಸಿಗುತ್ತದೆ ಅಂತ ಆಗ ನಂಬಿದ್ದರು. 1923ರಲ್ಲಿ ಹೇಬರ್ ಹಡಗಿನಲ್ಲೇ ಪ್ರಯೋಗಾಲಯ ಮಾಡಿಕೊಂಡು ಹೊರಟರು. ವರ್ಷಗಟ್ಟಲೆ ಅಳೆದ ಮೇಲೆ ಸಿಕ್ಕ ಲೆಕ್ಕ ನಂಬಿದ್ದರ ಸಾವಿರದಲ್ಲೊಂದು ಪಾಲು. ಹಳೆಯ ಅಳತೆಗಳಲ್ಲಿ ಪಾತ್ರೆ, ರಾಸಾಯನಿಕಗಳಿಂದ ಬೆರೆತ ಚಿನ್ನವೂ ಸೇರಿತ್ತು.

ಹಾಗಂತ ಸಮುದ್ರದಿಂದ ಲೋಹವೇ ಬರಲ್ಲ ಅಂತಲ್ಲ. ಮೆಗ್ನೀಸಿಯಂ ಟನ್ನಿಗೆ ಸುಮಾರು 1.3 ಕೆಜಿ ಇದೆ. 1941ರ ಜನವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನ ಫ್ರೀಪೋರ್ಟ್‌ನಲ್ಲಿ ಡೌ ಕಂಪನಿ ಅದನ್ನು ತೆಗೆಯಲು ಶುರು ಮಾಡಿತು. ವಿಧಾನ ನನಗೆ ಬಹಳ ಇಷ್ಟ. ಸಿಂಪಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು (ನಮ್ಮ ಕರಾವಳಿಯಲ್ಲೂ ಚಿಪ್ಪಿನ ಸುಣ್ಣ ಇತ್ತಲ್ವಾ?). ಸಮುದ್ರದ ನೀರಿಗೆ ಆ ಸುಣ್ಣ ಹಾಕಿದರೆ ಮೆಗ್ನೀಸಿಯಂ ಬೆಳ್ಳಗೆ ತಳಕ್ಕೆ ಕೂರುತ್ತದೆ. ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, ಒಣಗಿಸಿ, ಕರಗಿಸಿ, ವಿದ್ಯುತ್ ಹಾಯಿಸಿದರೆ ಲೋಹ ಸಿಗುತ್ತದೆ. ಯುದ್ಧಕಾಲದ ವಿಮಾನಗಳಿಗೆ ಈ ಹಗುರ ಲೋಹ ತುಂಬಾ ಬೇಕಾಗಿತ್ತು.

ಈಗ ಎಲ್ಲರ ಕಣ್ಣು ಬ್ಯಾಟರಿಯ ಲಿಥಿಯಂ ಮೇಲೆ. ಸಮುದ್ರದಲ್ಲಿ ಅದು ಟನ್ನಿಗೆ 0.2 ಗ್ರಾಂ ಕೂಡ ಇಲ್ಲ. ಸಾಲದ್ದಕ್ಕೆ ಅದರ ಏಳು ಸಾವಿರ ಪಟ್ಟು ಮೆಗ್ನೀಸಿಯಂ ಜೊತೆಗಿದೆ. ನೀರಿನಲ್ಲಿ ಎರಡರ ವರ್ತನೆಯೂ ಹತ್ತಿರ ಹತ್ತಿರ, ಹಾಗಾಗಿ ಬೇರ್ಪಡಿಸೋದು ಕಷ್ಟ. ಟೆಕ್ಸಾಸ್‌ನಲ್ಲಿ ಸಂಪತ್ತಾಗಿದ್ದ ಮೆಗ್ನೀಸಿಯಂ ಇಲ್ಲಿ ತೊಡಕು.

ಅದಕ್ಕೇ ಕಂಪನಿಗಳು ಚಿಲಿಯ ಅಟಕಾಮಾ ಉಪ್ಪಿನ ಬಯಲಿಗೆ ಹೋಗುತ್ತವೆ. ಅಲ್ಲಿ ನೆಲದಡಿಯ ಉಪ್ಪುನೀರಿನಲ್ಲಿ ಲಿಥಿಯಂ ಸಮುದ್ರಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. ದೊಡ್ಡ ದೊಡ್ಡ ಮಡಿಗಳಲ್ಲಿ ವರ್ಷಕ್ಕೂ ಹೆಚ್ಚು ಕಾಲ ಬಿಸಿಲಿಗೆ ಬಿಟ್ಟು ಗಟ್ಟಿ ಮಾಡುತ್ತಾರೆ. ಆದರೆ ಜಗತ್ತಿನ ಅತಿ ಒಣ ಜಾಗಗಳಲ್ಲಿ ಒಂದಾದ ಅಲ್ಲಿ ಅಷ್ಟೂ ನೀರು ಆವಿಯಾಗಿ ಹೋಗುತ್ತದೆ. ಸುತ್ತಲಿನ ಹಳ್ಳಿಗಳ, ಫ್ಲೆಮಿಂಗೋಗಳ ಕೊಳಗಳ ಬಗ್ಗೆ ಅಲ್ಲಿನವರಿಗಿರುವ ಆತಂಕ ನ್ಯಾಯವಾದದ್ದು.

ಲಿಥಿಯಂ ಅನ್ನು ಮಾತ್ರ ಹಿಡಿದುಕೊಳ್ಳುವ ಹರಳುಗಳ ಮೂಲಕ ಉಪ್ಪುನೀರು ಹರಿಸಿ, ಉಳಿದದ್ದನ್ನು ನೆಲಕ್ಕೇ ವಾಪಸ್ ಬಿಡುವ ದಾರಿಯೂ ಇದೆ. ಇಂಥ ಹರಳುಗಳು ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದಲ್ಲಿ 1990ರ ದಶಕದಿಂದಲೇ ಬಳಕೆಯಲ್ಲಿವೆ. ಅದೇ ಪ್ರಾಂತ್ಯದಲ್ಲಿ ಲಿಥಿಯಂ ಹುಡುಕಲು ಗುರುತಿಸಿದ 5 ಜಾಗಗಳಿಗಾಗಿ (ಬ್ಲಾಕ್‌ಗಳಿಗಾಗಿ) ಭಾರತದ ಸರ್ಕಾರಿ ಸಂಸ್ಥೆ ಕಾಬಿಲ್ 2024ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿದೆ. ಅಲ್ಲಿ ಎಷ್ಟು ಲಿಥಿಯಂ ಸಿಗುತ್ತದೆ ಅನ್ನುವಷ್ಟೇ ಗಟ್ಟಿಯಾಗಿ, ಎಷ್ಟು ನೀರು ಖರ್ಚಾಗುತ್ತದೆ ಅಂತಲೂ ನಾವು ಕೇಳಬೇಕು.