ಸಣ್ಣ ಏರೋಪ್ಲೇನ್ ಚಿಟ್ಟೆ ದೊಡ್ಡದರ ಮರಿಯಾ?

ಪ್ರಶ್ನೆ: ನಮ್ಮ ಗದ್ದೆಯ ಬದುವಿನಲ್ಲಿ ದೊಡ್ಡ ಏರೋಪ್ಲೇನ್ ಚಿಟ್ಟೆಗಳ ಜೊತೆ ಸೂಜಿಯಂಥ ಸಣ್ಣವೂ ಇರುತ್ತವೆ. ಹುಲ್ಲಿನ ಮೇಲೆ ರೆಕ್ಕೆ ಮಡಿಚಿ ಕೂರುತ್ತವೆ. ಅವು ದೊಡ್ಡವುಗಳ ಮರಿಗಳೇ?

ಉತ್ತರ: ಅಲ್ಲ. ನೀವು ನೋಡಿದ ಸೂಜಿಯಂಥ ಹುಳು ಬೆಳೆಯುವಷ್ಟು ಬೆಳೆದು ಮುಗಿದಿದೆ. ಇನ್ನು ಕೂದಲೆಳೆಯಷ್ಟೂ ಉದ್ದವಾಗುವುದಿಲ್ಲ.

ಚಿಕ್ಕಂದಿನಲ್ಲಿ ನಾನೂ ನಿಮ್ಮ ಹಾಗೇ ಅಂದುಕೊಂಡಿದ್ದೆ. ಹಸುವಿನ ಪಕ್ಕ ಕರು, ಕೋಳಿಯ ಹಿಂದೆ ಮರಿ ನೋಡಿ ಬೆಳೆದವರಿಗೆ ಹಾಗನ್ನಿಸುವುದು ಸಹಜ ಅಲ್ವಾ? ಆದರೆ ಕೀಟಗಳ ಲೆಕ್ಕ ಬೇರೆ. ಅವುಗಳ ಮೈಯೊಳಗೆ ಮೂಳೆ ಇಲ್ಲ. ಹೊರಗಿನ ಗಟ್ಟಿ ಚಿಪ್ಪೇ ಮೈಯನ್ನು ಹಿಡಿದಿಡುತ್ತದೆ. ಆ ಚಿಪ್ಪು ಹಿಗ್ಗುವುದಿಲ್ಲ. ಬೆಳೆಯಬೇಕು ಅಂದರೆ ಹಾವಿನ ಹಾಗೆ ಪೊರೆ ಬಿಡಬೇಕು. ಏರೋಪ್ಲೇನ್ ಚಿಟ್ಟೆಗೆ ಒಮ್ಮೆ ಹಾರುವ ರೆಕ್ಕೆ ಬಂತೆಂದರೆ ಪೊರೆ ಬಿಡುವುದು ಅಲ್ಲಿಗೆ ಮುಗಿಯಿತು.

ಹಾಗಾದರೆ ಮರಿಗಳು ಎಲ್ಲಿ? ನಿಮ್ಮ ಕಾಲ ಕೆಳಗಿನ ಗದ್ದೆ ನೀರಿನಲ್ಲೇ.

ಒಂದು ಜರಡಿ ತಂದು ಕೆಸರಿನ ಸಮೇತ ಮೊಗೆದು ನೋಡಿ. ಕಂದು ಬಣ್ಣದ, ಜೇಡದಂತೆ ಕಾಲಾಡಿಸುವ ಕುರೂಪಿ ಹುಳ ಸಿಕ್ಕರೆ ಅದೇ ಇರಬಹುದು. ಅದರ ಕೆಳತುಟಿ ಮಡಿಚಿದ ಕೈಯಂತೆ ಮುಖದಡಿ ಅಡಗಿರುತ್ತದೆ. ಸೊಳ್ಳೆಮರಿಯೋ ಗೊದಮೊಟ್ಟೆಯೋ ಹತ್ತಿರ ಬಂದರೆ ಆ ತುಟಿ ಚಿಮ್ಮಿ ಮುಂದೆ ಹೋಗಿ, ತುದಿಯ ಕೊಕ್ಕೆಯಲ್ಲಿ ಬೇಟೆಯನ್ನು ಹಿಡಿದು ಬಾಯಿಗೆ ತರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಆಟ ಮುಗಿದಿರುತ್ತದೆ.

ನಿಮ್ಮ ಪ್ರಶ್ನೆಗೆ ಪಕ್ಕಾ ಸಾಕ್ಷಿ ಇರುವುದೂ ಈ ನೀರಿನಲ್ಲೇ. ದೊಡ್ಡ ಏರೋಪ್ಲೇನ್ ಚಿಟ್ಟೆ ಅಂದರೆ ಡ್ರ್ಯಾಗನ್‌ಫ್ಲೈ. ಅದರ ಮರಿ ದಪ್ಪಗಿರುತ್ತದೆ, ಉಸಿರಾಡುವುದು ಹಿಂಬದಿಯಿಂದ. ನಗಬೇಡಿ, ಕಿವಿರುಗಳು ಇರುವುದೇ ಗುದದೊಳಗೆ. ನೀರನ್ನು ಹಿಂದಿನಿಂದ ಒಳಗೆಳೆದು ಹೊರಬಿಡುತ್ತದೆ. ಹೆದರಿದರೆ ಅದೇ ನೀರನ್ನು ಪಿಚಕಾರಿಯಂತೆ ಹಿಂದಕ್ಕೆ ಚಿಮ್ಮಿ ತಾನು ಮುಂದಕ್ಕೆ ನುಗ್ಗುತ್ತದೆ. ನಿಮ್ಮ ಸೂಜಿ ಹುಳು ಡ್ಯಾಮ್ಸೆಲ್‌ಫ್ಲೈ. ಅದರ ಮರಿ ಸಪೂರ. ಬಾಲದ ತುದಿಯಲ್ಲಿ ಎಲೆಯಂಥ ಮೂರು ಕಿವಿರು ಹೊರಗೇ ಕಾಣುತ್ತವೆ. ಮೈ ಬಳುಕಿಸಿ ಮೀನಿನಂತೆ ಈಜುತ್ತದೆ. ಮರಿಗಳೇ ಇಷ್ಟು ಬೇರೆಯಾಗಿರುವಾಗ ಒಂದರಿಂದ ಇನ್ನೊಂದು ಆಗುವ ಮಾತೇ ಇಲ್ಲ.

ಸಂಬಂಧ ಇಲ್ಲವೇ ಇಲ್ಲ ಅಂತಲೂ ಅಲ್ಲ. ಎರಡೂ ಒಡೊನೇಟಾ ಎಂಬ ಒಂದೇ ಗಣಕ್ಕೆ ಸೇರಿದವು. 1793ರಲ್ಲಿ ಫ್ಯಾಬ್ರಿಶಿಯಸ್ ಇಟ್ಟ ಈ ಹೆಸರಿಗೆ ಗ್ರೀಕಿನ ಹಲ್ಲು ಎಂಬ ಪದ ಮೂಲ. ಅದರೊಳಗೆ ಡ್ರ್ಯಾಗನ್‌ಫ್ಲೈಗಳು ಅನೈಸಾಪ್ಟೆರಾ, ಡ್ಯಾಮ್ಸೆಲ್‌ಫ್ಲೈಗಳು ಝೈಗಾಪ್ಟೆರಾ. ತಾಯಿ ಮಕ್ಕಳಲ್ಲ, ದಾಯಾದಿಗಳು ಅನ್ನಿ. ಅಂದಹಾಗೆ ಎರಡೂ ಚಿಟ್ಟೆಗಳಲ್ಲ. ಚಿಟ್ಟೆಯ ಹಾಗೆ ಇವು ಕೋಶವಾಗಿ ಮಲಗುವುದಿಲ್ಲ. ಮರಿ ನೀರಿನಿಂದ ನೇರ ಪೈರಿನ ದಂಟು ಹತ್ತಿ, ಬೆನ್ನು ಬಿರಿದು, ರೆಕ್ಕೆಯೊಂದಿಗೆ ಹೊರಬರುತ್ತದೆ. ಬೆಳಿಗ್ಗೆ ಗದ್ದೆಗೆ ಹೋದಾಗ ದಂಟಿಗೆ ಅಂಟಿಕೊಂಡ ಖಾಲಿ ಪೊರೆ ಸಿಗುತ್ತದೆ. ಒಡೆದ ಬೆನ್ನಿನಲ್ಲಿ ಬಿಳಿ ನೂಲಿನಂಥದ್ದು ಇಣುಕುತ್ತಿದ್ದರೆ ಅದು ಉಸಿರ್ನಾಳದ ಒಳಪದರ. ಪೊರೆಯ ಜೊತೆ ಅದೂ ಕಳಚಿ ಬಂದಿರುತ್ತದೆ.

ಗುರುತಿಸುವುದು ಹೇಗೆ? ನಿಮ್ಮ ಕಣ್ಣಿಗೆ ಆಗಲೇ ಬಿದ್ದ ಗುರುತೇ ಒಳ್ಳೆಯದು. ಕೂತಾಗ ರೆಕ್ಕೆ ಅಗಲಿಸಿದ್ದರೆ ಡ್ರ್ಯಾಗನ್‌ಫ್ಲೈ, ಬೆನ್ನ ಮೇಲೆ ಮಡಿಚಿದ್ದರೆ ಡ್ಯಾಮ್ಸೆಲ್‌ಫ್ಲೈ. ಆದರೆ ಕೆಲವು ಡ್ಯಾಮ್ಸೆಲ್‌ಫ್ಲೈಗಳು ರೆಕ್ಕೆ ಅರ್ಧ ಬಿಚ್ಚಿಕೊಂಡೇ ಕೂರುತ್ತವೆ. ಅನುಮಾನ ಬಂದರೆ ಕಣ್ಣು ನೋಡಿ. ಡ್ಯಾಮ್ಸೆಲ್‌ಫ್ಲೈಗೆ ತಲೆಯ ಎರಡು ತುದಿಗೆ ಒಂದೊಂದು ಗುಂಡು ಕಣ್ಣು, ಡಂಬೆಲ್‌ನ ಹಾಗೆ. ಡ್ರ್ಯಾಗನ್‌ಫ್ಲೈಯ ಕಣ್ಣುಗಳು ತುಂಬಾ ದೊಡ್ಡವು, ಹೆಚ್ಚಿನವುಗಳಲ್ಲಿ ನೆತ್ತಿಯ ಮೇಲೆ ಒಂದಕ್ಕೊಂದು ತಾಗುತ್ತವೆ.

ಗಾತ್ರವನ್ನು ಮಾತ್ರ ಜಾಸ್ತಿ ನಂಬಬೇಡಿ. ಮಧ್ಯ ಅಮೆರಿಕದ ಕಾಡಿನ ಒಂದು ಡ್ಯಾಮ್ಸೆಲ್‌ಫ್ಲೈಗೆ ರೆಕ್ಕೆಯ ಹರವು 19 ಸೆಂ.ಮೀ. ತನಕ ಇರುತ್ತದೆ. ನಮ್ಮ ಯಾವ ಏರೋಪ್ಲೇನ್ ಚಿಟ್ಟೆಯೂ ಅದರ ಮುಂದೆ ನಿಲ್ಲದು.

ಎರಡೂ ಗುಂಪಿಗೆ ಸರಿಯಾಗಿ ಸೇರದ ಜೀವಿಯೂ ಇದೆ. ಡಾರ್ಜಿಲಿಂಗ್, ನೇಪಾಳದ ತಣ್ಣನೆ ತೊರೆಗಳಲ್ಲಿ ಬದುಕುವ ಎಪಿಯೋಫ್ಲೀಬಿಯಾ ಲೇಡ್‌ಲಾವಿಗೆ 1921ರಲ್ಲಿ ಹೆಸರಿಟ್ಟರು. ಮೈ ಡ್ರ್ಯಾಗನ್‌ಫ್ಲೈಯದು, ರೆಕ್ಕೆ ಡ್ಯಾಮ್ಸೆಲ್‌ಫ್ಲೈಯದು. ಅದರ ಮರಿ ನೀರಿನಲ್ಲಿ ವರ್ಷಗಟ್ಟಲೆ ಇರುತ್ತದೆ. ನಮ್ಮ ಬಯಲಿನಲ್ಲಿ ಗುಂಪುಗುಂಪಾಗಿ ಹಾರುವ ಹಳದಿ ಪ್ಯಾಂಟಾಲಾ ಎಂಬ ಡ್ರ್ಯಾಗನ್‌ಫ್ಲೈಯ ಮರಿಗೆ ಅಷ್ಟು ಪುರುಸೊತ್ತಿಲ್ಲ. ಮಳೆಗುಂಡಿ ಒಣಗುವ ಮುಂಚೆ ಬೆಳೆಯಬೇಕಲ್ಲ, ಒಂದೂವರೆ ಎರಡು ತಿಂಗಳಲ್ಲಿ ಕೆಲಸ ಮುಗಿಸುತ್ತದೆ.

ಇನ್ನೊಂದು ವಿಷಯದಲ್ಲಿ ನಿಮ್ಮ ಊಹೆ ಅರ್ಧ ಸರಿ. ರೆಕ್ಕೆ ಬಂದ ಮೇಲೆ ಗಾತ್ರ ಬದಲಾಗದಿದ್ದರೂ ಬಣ್ಣ ಬದಲಾಗುತ್ತದೆ. ಕಡುಗೆಂಪು ಡ್ರ್ಯಾಗನ್‌ಫ್ಲೈ ಗಂಡುಗಳಲ್ಲಿ ಹಲವು ಹೊಸದರಲ್ಲಿ ಹಳದಿಯಾಗಿರುತ್ತವೆ, ಪ್ರಾಯ ಬಂದಂತೆ ಕೆಂಪಾಗುತ್ತವೆ. ಹಾಗಾಗಿ ಹಾರುವವುಗಳಲ್ಲಿ ಎಳೆಯದು ಯಾವುದೆಂದು ನೋಡಬೇಕಿದ್ದರೆ ಅಳತೆ ಬಿಟ್ಟು ಬಣ್ಣ ನೋಡಿ.

ನಿಮ್ಮ ಬದುವಿನಲ್ಲಿ ಹಸಿರು–ಕಪ್ಪು ಪಟ್ಟೆಯ, ಸಣ್ಣ ಸೊಂಟದ ಒಂದು ಡ್ರ್ಯಾಗನ್‌ಫ್ಲೈಯೂ ಇರಬಹುದು. ಗ್ರೀನ್ ಮಾರ್ಷ್ ಹಾಕ್ ಅಂತ ಕರೆಯುತ್ತಾರೆ. ಹುಲ್ಲಿನ ತುದಿಯಲ್ಲಿ ಸುಮ್ನೆ ಕೂತಂತೆ ಕಾಣುತ್ತದೆ. ಸ್ವಲ್ಪ ಹೊತ್ತು ಕಾದು, ಬಾಯಲ್ಲಿ ಏನಿದೆ ನೋಡಿ. ಎಷ್ಟೋ ಸಲ ಅದು ನೀವು ಮರಿ ಅಂದುಕೊಂಡ ಆ ಸೂಜಿ ಹುಳುವೇ ಆಗಿರುತ್ತದೆ.