ಡಬ್ಬಿ ಹೊಸದು, ಬೇರಿಂಗ್ ಹಳೆಯದು

ಜನವರಿಯ ಒಂದು ರಾತ್ರಿ. ಎರಡು ಗಂಟೆ ದಾಟಿತ್ತು. ಬಗ್ಯಾಸನ್ನು, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನು, ಸಾಗಿಸುವ ಕ್ಯಾರಿಯರ್‌ನ ಹೆಡ್ ಶಾಫ್ಟಿನ ಬೇರಿಂಗ್ ಕೂಗತೊಡಗಿ, ಅರ್ಧ ಗಂಟೆಯಲ್ಲಿ ಹಿಡಿದುಕೊಂಡೇ ಬಿಟ್ಟಿತು. ಬಗ್ಯಾಸ್ ಬರದಿದ್ದರೆ ಬಾಯ್ಲರ್‌ಗೆ ಉರುವಲಿಲ್ಲ, ಬಾಯ್ಲರ್ ಇಲ್ಲದೆ ಮಿಲ್ ಓಡುವುದಿಲ್ಲ. ಯಾರ್ಡಿನಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳ ಸಾಲು. ನಾನಾಗ ಆ ಸಕ್ಕರೆ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದೆ. ಸಾಫ್ಟ್‌ವೇರ್ ತೆರೆದರೆ ‘ಬೇರಿಂಗ್ 22220, ದಾಸ್ತಾನು 2’ ಎಂದು ತೋರಿಸಿತು. ಉಸಿರು ಬಂತು. ಹತ್ತು ನಿಮಿಷಕ್ಕೆ ಸ್ಟೋರಿನಿಂದ ಫಿಟ್ಟರ್ ಫೋನ್ ಮಾಡಿದ.

“ಸರ, ಡಬ್ಬಿ ಹೊಸದೈತ್ರಿ, ಒಳಗಿಂದು ಹಳೇದು.”

ಇನ್ನೊಂದು ಡಬ್ಬಿ ತೆರೆಸಿದೆ. ಅದರಲ್ಲಿದ್ದದ್ದು 22220 ಕೆ. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರು. ಆದರೆ ‘ಕೆ’ ಎಂದರೆ ಒಳರಂಧ್ರ ಇಳಿಜಾರಾಗಿರುತ್ತದೆ, ಅದಕ್ಕೆ ಶಾಫ್ಟಿನ ಮೇಲೆ ತೊಡಿಸುವ ಸ್ಲೀವ್ ಬೇಕು. 100 ಮಿ.ಮೀ.ನ ನಮ್ಮ ನೇರ ಶಾಫ್ಟಿಗೆ ಅದು ಕೂರುವುದಿಲ್ಲ. ಅಲ್ಲಿಗೆ ಕಂಪ್ಯೂಟರಿನ 2, ಕಪಾಟಿನಲ್ಲಿ ಸೊನ್ನೆಯಾಯಿತು.

ಮರುದಿನ ಆ ಐಟಂನ ಚರಿತ್ರೆ ತೆಗೆದು ನೋಡಿದೆ. ಮೂರೇ ಸಾಲು. ಸೆಪ್ಟೆಂಬರ್‌ನಲ್ಲಿ ಖರೀದಿ ಜಮೆ 2. ನವೆಂಬರ್ 20ಕ್ಕೆ ಇಶ್ಯೂ 1. ನವೆಂಬರ್ 21ಕ್ಕೆ ವಾಪಸ್ 1. ಕೂಡಿ ಕಳೆದರೆ 2, ತಪ್ಪೇ ಇಲ್ಲ. ಆದರೆ ಸೆಪ್ಟೆಂಬರ್‌ನಲ್ಲಿ ಬಂದ ಎರಡರಲ್ಲಿ ಒಂದು ನೇರ ರಂಧ್ರದ್ದು, ಒಂದು ‘ಕೆ’. ಐಟಂ ವಿವರಣೆಯಲ್ಲಿ ‘ಕೆ’ ಬರೆಯದೆ ಎರಡನ್ನೂ ಒಂದೇ ಕೋಡಿಗೆ ಹತ್ತಿಸಿದ್ದರು. ನವೆಂಬರ್‌ನಲ್ಲಿ ನೇರದ್ದನ್ನು ಹಾಕಿಯಾಗಿತ್ತು. ಹೊಸದು ಒಯ್ದವರು ಹಳೆಯದನ್ನು ಸ್ಟೋರಿಗೆ ಒಪ್ಪಿಸಬೇಕು ಎಂಬುದು ನಮ್ಮಲ್ಲಿ ನಿಯಮ. ಫಿಟ್ಟರ್ ಪಾಪ, ನಿಯಮದಂತೆ ಹಳೆಯದನ್ನು ಹೊಸದರ ಡಬ್ಬಿಯಲ್ಲೇ ಇಟ್ಟು ತಂದುಕೊಟ್ಟ. ಸ್ಟೋರಿಗೆ ಬಂದು ಇನ್ನೂ ತಿಂಗಳಾಗದ ಹುಡುಗ ತೆರೆಯಲ್ಲಿ ‘ವಾಪಸ್’ ಎಂಬ ಒಂದೇ ಬಟನ್ ಕಂಡು ಅದನ್ನೇ ಒತ್ತಿದ. ಯಾರೂ ಕದಿಯಲಿಲ್ಲ, ಯಾರೂ ಸುಳ್ಳು ಬರೆಯಲಿಲ್ಲ.

ಆ ಹುಡುಗನನ್ನು ಬೈಯಲು ಮನಸ್ಸಾಗಲಿಲ್ಲ. ಬಟನ್ ಒಂದೇ ಇಟ್ಟವರಲ್ಲಿ ನಾನೂ ಇದ್ದೆ.

ಸ್ಪೇರ್ ಪಾರ್ಟ್ಸ್ ಲೆಕ್ಕದಲ್ಲಿ ಬಹಳ ಮಂದಿ ನೋಡುವುದು ‘ಎಷ್ಟಿದೆ’ ಎಂಬ ಅಂಕಿಯನ್ನು. ನಾನು ಈಗ ಮೊದಲು ನೋಡುವುದು ಆ ಅಂಕಿ ಯಾಕೆ ಬದಲಾಯಿತು ಎಂಬುದನ್ನು. ಎಸ್‌ಎಪಿ ಎಂಬ ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಬಳಸಿದವರಿಗೆ ಈ ಶಿಸ್ತು ಗೊತ್ತಿರುತ್ತದೆ. ಅಲ್ಲಿ 101 ಎಂದರೆ ಖರೀದಿ ಮಾಲಿನ ಜಮೆ, 261 ಎಂದರೆ ಕೆಲಸದ ಆರ್ಡರಿಗೆ ಕೊಟ್ಟದ್ದು, 262 ಅದರ ವಾಪಸಾತಿ, 551 ಗುಜರಿ, 701 ಮತ್ತು 702 ಎಣಿಕೆಯಲ್ಲಿ ಸಿಕ್ಕ ಹೆಚ್ಚು-ಕಡಿಮೆ. ಒಂದು ನಟ್ ಅಲುಗಾಡಿದರೂ ಅದಕ್ಕೊಂದು ಕಾರಣದ ಕೋಡ್ ಬೇಕು. ಸಣ್ಣ ಸಾಫ್ಟ್‌ವೇರ್‌ಗಳಲ್ಲಿ ಇಷ್ಟೆಲ್ಲ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ವಾಪಸಾತಿಯನ್ನು ಮೂರಾಗಿ ಒಡೆಯಲೇಬೇಕು: ಬಳಸದೆ ಬಂದ ಹೊಸದು, ರಿಪೇರಿಗೆ ಹೋಗುವ ಹಳೆಯದು, ಗುಜರಿ. ದಾಸ್ತಾನು ಏರಬೇಕಾದದ್ದು ಮೊದಲನೆಯದಕ್ಕೆ ಮಾತ್ರ.

ಆ ರಾತ್ರಿ ಕೊನೆಗೆ ಪಕ್ಕದ ತಾಲ್ಲೂಕಿನ ಇನ್ನೊಂದು ಕಾರ್ಖಾನೆಯಿಂದ ಒಂದು ಬೇರಿಂಗ್ ಕೈಗಡ ತಂದೆವು. ಸಕ್ಕರೆ ಕಾರ್ಖಾನೆಗಳ ನಡುವೆ ಇದು ಮಾಮೂಲು. ಇವತ್ತು ನಮಗೆ, ನಾಳೆ ಅವರಿಗೆ. ಆದರೆ ಕೈಗಡ ಎಂಬ ಪದ ನಮ್ಮ ಸಾಫ್ಟ್‌ವೇರಿಗೆ ಗೊತ್ತಿರಲಿಲ್ಲ. ಜಮೆ ಮಾಡಲು ಪರ್ಚೇಸ್ ಆರ್ಡರ್ ನಂಬರ್ ಕೇಳಿತು. ಎರಡು ತಿಂಗಳು ಆ ಬೇರಿಂಗ್ ಯಾವ ಲೆಕ್ಕದಲ್ಲೂ ಇಲ್ಲದೆ ತಿರುಗಿತು.

ಇನ್ನು ಅಂಕಿಯನ್ನೇ ತಿದ್ದುವ ವಿಷಯ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ‘ಪ್ರಮಾಣ’ದ ಚೌಕ ತೆರೆದೇ ಇರುತ್ತದೆ. 5 ಅಳಿಸಿ 3 ಎಂದು ಬರೆದರೆ ಮುಗಿಯಿತು. ನನ್ನ ಕೈಗೆ ಬಂದ ಯಾವ ಸಾಫ್ಟ್‌ವೇರಿನಲ್ಲೂ ನಾನು ಮೊದಲು ಮುಚ್ಚಿಸುವುದು ಆ ಚೌಕವನ್ನು. ಊರ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಕೂಡ ಯಾರೂ ರಬ್ಬರಿನಿಂದ ಅಳಿಸುವುದಿಲ್ಲ, ಗೀಟೆಳೆದು ಪಕ್ಕದಲ್ಲಿ ಬರೆಯುತ್ತಾರೆ. ನಮ್ಮ ದೇಶದ ಕಂಪನಿಗಳ ಲೆಕ್ಕಪತ್ರದ ಸಾಫ್ಟ್‌ವೇರಿಗಂತೂ 2023ರ ಏಪ್ರಿಲ್ 1ರಿಂದ ಇದು ಕಾನೂನೇ ಆಗಿದೆ: ಯಾವ ತಿದ್ದುಪಡಿ, ಯಾವ ದಿನ ಎಂಬ ದಾಖಲೆ ಉಳಿಯಬೇಕು, ಅದನ್ನು ಆಫ್ ಮಾಡಲು ಬರಬಾರದು. ಸ್ಟೋರಿನ ಲೆಕ್ಕಕ್ಕೂ ಅದೇ ಮರ್ಯಾದೆ ಕೊಟ್ಟರೆ ಆಡಿಟ್ ದಿನ ಬೆವರುವುದು ತಪ್ಪುತ್ತದೆ.

ಮಾಲು ಕದಲದೆಯೇ ಆಗುವ ಬದಲಾವಣೆಗಳೆಂದರೆ ನನಗೆ ಇದಕ್ಕಿಂತ ಹೆಚ್ಚು ಭಯ. ಒಂದು ಮೆಕ್ಯಾನಿಕಲ್ ಸೀಲಿನ ಕನಿಷ್ಠ ಮಟ್ಟ, ಅಂದರೆ ದಾಸ್ತಾನು ಎಲ್ಲಿಗೆ ಇಳಿದರೆ ಹೊಸದು ತರಿಸಬೇಕು ಎಂಬ ಅಂಕಿ, 2 ಇದ್ದದ್ದನ್ನು ಯಾರೋ 0 ಮಾಡಿದರು ಎಂದಿಟ್ಟುಕೊಳ್ಳಿ. ಆ ದಿನ ಏನೂ ಆಗುವುದಿಲ್ಲ. ದಾಸ್ತಾನು ಹಾಗೇ ಇರುತ್ತದೆ, ವರದಿ ಹಸಿರಾಗಿರುತ್ತದೆ. ನಾಲ್ಕು ತಿಂಗಳ ನಂತರ ಕೊನೆಯ ಸೀಲ್ ಹೋದಾಗ ಹೊಸದು ತರಿಸುವ ಇಂಡೆಂಟೇ ಎದ್ದಿರುವುದಿಲ್ಲ. ಆದ್ದರಿಂದ ಕನಿಷ್ಠ ಮಟ್ಟ, ರ‍್ಯಾಕ್ ನಂಬರ್, ಅಳತೆಯ ಯೂನಿಟ್, ಇವು ಬದಲಾದರೂ ಯಾರು ಮಾಡಿದರು, ಹಿಂದೆ ಏನಿತ್ತು ಎಂಬುದು ಲಾಗ್‌ನಲ್ಲಿ ಉಳಿಯಬೇಕು.

ಕನಿಷ್ಠ ಮಟ್ಟ ಲೆಕ್ಕ ಹಾಕುವುದರಲ್ಲಿ ಹಂಗಾಮಿನ ಕಾರ್ಖಾನೆಗಳು ಇನ್ನೊಂದು ಗುಂಡಿಗೆ ಬೀಳುತ್ತವೆ. ಒಂದು ಭಾಗ ನುರಿಸುವ 5 ತಿಂಗಳಲ್ಲಿ 10 ಖರ್ಚಾಗುತ್ತದೆ, ತರಿಸಲು 45 ದಿನ ಬೇಕು ಎನ್ನೋಣ. ಹಂಗಾಮಿನಲ್ಲಿ ತಿಂಗಳಿಗೆ 2, ಒಂದೂವರೆ ತಿಂಗಳಿಗೆ 3, ಕೈಕಾವಲಿಗೆ 1 ಸೇರಿಸಿದರೆ 4. ಸಾಫ್ಟ್‌ವೇರ್ ತನ್ನ ಪಾಡಿಗೆ 10ನ್ನು 12 ತಿಂಗಳಿಗೆ ಹಂಚುತ್ತದೆ: ತಿಂಗಳಿಗೆ 0.83. ಅದರ ಪ್ರಕಾರ ಒಂದೂಕಾಲು ಸಾಕು, ಕೈಕಾವಲು ಸೇರಿಸಿದರೂ ಎರಡೂಕಾಲು. ಗಾಣ ನಿಂತಿರುವ ಏಳು ತಿಂಗಳನ್ನೂ ಅದು ದುಡಿಮೆಯ ದಿನಗಳೆಂದು ಎಣಿಸಿರುತ್ತದೆ. ಈ ಒಂದು ಕಾರಣಕ್ಕೆ ಸರಾಸರಿಯನ್ನು ನಾನು ಈಗಲೂ ಕೈಯಲ್ಲೇ ಹಾಕುತ್ತೇನೆ.

ದಾಸ್ತಾನು ಮೈನಸ್‌ಗೆ ಇಳಿಯಲು ಬಿಡಬೇಕೋ ಬೇಡವೋ ಎಂಬ ಜಗಳ ಪ್ರತಿ ಕಾರ್ಖಾನೆಯಲ್ಲೂ ಇದೆ. ಅಕೌಂಟ್ಸ್‌ನವರು ಬೇಡವೇ ಬೇಡ ಎನ್ನುತ್ತಾರೆ. ಅವರ ಕಷ್ಟ ಅವರಿಗೆ. ನಾನು ಬಿಡಿ ಎನ್ನುವ ಪಕ್ಷ. ತೆರೆ ‘ಸ್ಟಾಕ್ ಇಲ್ಲ’ ಎಂದರೂ ರಾತ್ರಿ ಪಾಳಿಯವನು ಎದುರಿಗಿರುವ ಮಾಲನ್ನು ಎತ್ತಿಕೊಂಡೇ ಹೋಗುತ್ತಾನೆ. ಮೈನಸ್ ಬಿಡದಿದ್ದರೆ ಆ ಇಶ್ಯೂ ಎಂಟ್ರಿಯೇ ಆಗುವುದಿಲ್ಲ, ಅಥವಾ ಸ್ಟಾಕ್ ಇರುವ ಬೇರಾವುದೋ ಕೋಡಿಗೆ ಆಗುತ್ತದೆ. ಒಮ್ಮೆ ಗ್ರೀಸ್ −11 ಎಂದು ಕಂಡಿತು. ಹಿಂದಿನ ಸಾಲು ನೋಡಿದರೆ 180 ಕೆ.ಜಿ.ಯ ಒಂದು ಡ್ರಮ್ಮನ್ನು 1 ಎಂದು ಜಮೆ ಮಾಡಿದ್ದರು, ಯೂನಿಟ್ ಮಾತ್ರ ಕೆ.ಜಿ. ಮರುದಿನ 12 ಕೆ.ಜಿ. ಇಶ್ಯೂ ಆಗಿತ್ತು. ಮೈನಸ್ ಕಾಣದಿದ್ದರೆ ಆ ತಪ್ಪು ವರ್ಷದ ಎಣಿಕೆಯ ತನಕ ಬೆಚ್ಚಗೆ ಮಲಗಿರುತ್ತಿತ್ತು.

ಎಣಿಕೆಯ ಬಗ್ಗೆ ಒಂದೇ ಮಾತು: ವಾರಕ್ಕೆ ಹತ್ತು ಐಟಂ ಎಣಿಸಿ, ಆದರೆ ಎಣಿಸುವವನ ಕೈಗೆ ಕೊಡುವ ಹಾಳೆಯಲ್ಲಿ ಕಂಪ್ಯೂಟರಿನ ಅಂಕಿ ಇರಬಾರದು. ಇದ್ದರೆ ಅದನ್ನೇ ನಕಲು ಮಾಡುತ್ತಾನೆ. ನಾನೂ ಮಾಡಿದ್ದೇನೆ.

ರಾತ್ರಿ ಸ್ಟೋರ್ ಕೀಪರ್ ಇರುವುದಿಲ್ಲ. ಕೀಲಿ ಪಾಳಿಯ ಇನ್‌ಚಾರ್ಜ್ ಬಳಿ ಇರುತ್ತದೆ, ಬಾಗಿಲಿಗೆ ದಾರ ಕಟ್ಟಿದ ಒಂದು ನೋಟ್‌ಬುಕ್, ಒಂದು ಪೆನ್ನು. ಮಾಲು ಹೋದದ್ದು ರಾತ್ರಿ 2.10ಕ್ಕೆ, ಟೈಪ್ ಆದದ್ದು ಬೆಳಗ್ಗೆ 10ಕ್ಕೆ. ಸಾಫ್ಟ್‌ವೇರಿನಲ್ಲಿ ಈ ಎರಡೂ ಹೊತ್ತಿಗೆ ಬೇರೆ ಬೇರೆ ಜಾಗ ಇರಬೇಕು, ಇಲ್ಲದಿದ್ದರೆ ರಾತ್ರಿ ಕೆಟ್ಟ ಯಂತ್ರಗಳೆಲ್ಲ ದಾಖಲೆಯಲ್ಲಿ ಹಗಲೇ ಕೆಟ್ಟಂತೆ ಕಾಣುತ್ತವೆ. ಆ ನೋಟ್‌ಬುಕ್ಕನ್ನು ತೆಗೆಸಿ ಮೊಬೈಲ್ ಆ್ಯಪ್ ಕೊಡೋಣ ಎಂದು ಒಂದು ಮೀಟಿಂಗಿನಲ್ಲಿ ಯಾರೋ ಹೇಳಿದರು. ಗ್ರೀಸ್ ಹತ್ತಿದ ಬೆರಳಿಗೆ ಟಚ್ ಸ್ಕ್ರೀನ್ ಕೇಳುವುದಿಲ್ಲ ಎಂದೆ. ನೋಟ್‌ಬುಕ್ ಉಳಿಯಿತು.

ಮೊನ್ನೆ ಅದರಲ್ಲಿ ಒಂದು ಸಾಲು ಇತ್ತು: ‘22220 – 1. ಹಳೇದು ಕೆಂಪು ಪೆಟ್ಟಿಗೆಯಲ್ಲಿ ಇಟ್ಟಿದೆ. ಗ್ರೀಸ್ ಸ್ವಲ್ಪ.’ ಅದೇ ಹುಡುಗ, ಈಗ ಸ್ಟೋರಿನ ಸೀನಿಯರ್, ‘ಸ್ವಲ್ಪ’ದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. “ಎಷ್ಟು ಹಾಕ್ಲಿ ಸರ?” ಕೆಂಪು ಪೆಟ್ಟಿಗೆಯಲ್ಲಿದ್ದ ಬೇರಿಂಗ್ ನೋಡಿ ಬಂದು, ಅವನೇ 1 ಕೆ.ಜಿ. ಎಂದು ಟೈಪ್ ಮಾಡಿ, ಕಾರಣದ ಜಾಗದಲ್ಲಿ ‘ಅಂದಾಜು’ ಎಂದು ಸೇರಿಸಿದ.